ಹಬೆಯ ಹೊಣೆ: ಕೊಳ್ಳೇಗಾಲ ಸೀಮೆಯ ರೇಷ್ಮೆ ಮತ್ತು ಉಡುಪು ಘಟಕಗಳಲ್ಲಿ ಬಾಯ್ಲರ್

ರೇಷ್ಮೆ ಗೂಡು ಸೀರೆಯಾಗುವ ಹಾದಿಯಲ್ಲಿ ಬಿಸಿನೀರು ಮತ್ತು ಹಬೆಯಿಲ್ಲದೆ ದಾಟಬಹುದಾದ ಹಂತಗಳು ಕೆಲವೇ. ಗೂಡನ್ನು ಒಣಗಿಸಲು, ಬೇಯಿಸಲು, ನೂಲು ಬಿಚ್ಚಲು, ಅಂಟು ತೆಗೆಯಲು, ಬಣ್ಣ ಕಟ್ಟಲು, ಕಡೆಗೆ ನೇಯ್ದ ಅಥವಾ ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಲು ಶಾಖ ಬೇಕು. ಮನೆಯ ಹಿಂದಿನ ಸೌದೆ ಒಲೆಯಿಂದ ಹಿಡಿದು ಕಾರ್ಖಾನೆಯ ಬಾಯ್ಲರ್‌ವರೆಗೆ ಆ ಶಾಖದ ಮೂಲಗಳು ಹಲವು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಈ ಕೆಲಸ ತಲೆಮಾರುಗಳಿಂದ ನಡೆದಿದೆ. ಹಬೆಯನ್ನು ಅಪಾಯವಿಲ್ಲದೆ ಉತ್ಪಾದಿಸುವುದು ಒಂದು ಪ್ರಶ್ನೆ. ಕಾಡು ಕರಗದಂತೆ, ನೀರು ಪೋಲಾಗದಂತೆ ಉತ್ಪಾದಿಸುವುದು ಇನ್ನೊಂದು. ಇವೆರಡಕ್ಕೂ ಬಹುಮಟ್ಟಿಗೆ ಒಂದೇ ಉತ್ತರವಿದೆ ಎಂಬುದನ್ನು ಈ ಸೀಮೆಯ ನೀರು, ಇಂಧನ ಮತ್ತು ಕೆಲಸದ ರೀತಿಗಳೇ ತೋರಿಸುತ್ತವೆ.

ಸೀಮೆ ಮತ್ತು ಅದರ ರೇಷ್ಮೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಿಪ್ಪುನೇರಳೆ ಬೇಸಾಯ, ಹುಳು ಸಾಕಣೆ, ನೂಲು ಬಿಚ್ಚಾಣಿಕೆ ಮತ್ತು ನೇಯ್ಗೆ ನಾಲ್ಕೂ ಒಂದೇ ಕಡೆ ಸೇರಿದ್ದರಿಂದ ಆ ಕಾಲದಲ್ಲೇ ಅದು ರೇಷ್ಮೆಯ ಊರೆಂದು ಹೆಸರು ಪಡೆದಿತ್ತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಶೂಟ್‌ಗೆ ರೇಷ್ಮೆ ಬೇಕಾಗಿ ದಕ್ಷಿಣ ಭಾರತದಲ್ಲಿ ಫಿಲೇಚರ್‌ಗಳು ಹೆಚ್ಚಿದವು. ಫಿಲೇಚರ್ ಎಂದರೆ ಒಂದೇ ಬಾಯ್ಲರ್‌ನ ಹಬೆಯನ್ನು ಕೊಳವೆಗಳ ಮೂಲಕ ಸಾಲು ಸಾಲು ತೊಟ್ಟಿಗಳಿಗೆ ಹಾಯಿಸಿ ನೂಲು ಬಿಚ್ಚುವ ಕಾರ್ಖಾನೆ. ಕೊಳ್ಳೇಗಾಲ, ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಸಂತೇಮರಹಳ್ಳಿ ಮತ್ತು ಚಾಮರಾಜನಗರದ ಸರ್ಕಾರಿ ಫಿಲೇಚರ್‌ಗಳ ಮೂಲಕ ಬಾಯ್ಲರ್ ಎಂಬ ಯಂತ್ರ ಈ ಭಾಗದ ಜನಕ್ಕೆ ಪರಿಚಿತವಾಯಿತು. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನೂ ತಿ. ನರಸೀಪುರದ ಫಿಲೇಚರನ್ನೂ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಸರ್ಕಾರಿ ಫಿಲೇಚರ್‌ಗಳ ಪಕ್ಕದಲ್ಲೇ ಚರಕ, ಕಾಟೇಜ್ ಬೇಸಿನ್ ಮತ್ತು ಮಲ್ಟಿ ಎಂಡ್ ಎಂಬ ನೂಲು ಬಿಚ್ಚುವ ಯಂತ್ರಗಳ ಖಾಸಗಿ ಘಟಕಗಳು ಬೆಳೆದವು. ಇತ್ತೀಚಿನ ದಶಕಗಳಲ್ಲಿ ಗಾರ್ಮೆಂಟ್ಸ್ ಕೆಲಸವೂ ಈ ಭಾಗದ ಹೆಣ್ಣುಮಕ್ಕಳ ದುಡಿಮೆಯ ಭಾಗವಾಗಿದೆ.

ಹಬೆ ಎಲ್ಲೆಲ್ಲಿ, ಎಷ್ಟು

ಪ್ರತಿ ಕೆಲಸಕ್ಕೂ ಬೇಕಾದ ಶಾಖ ಬೇರೆ. ಗೂಡಿನೊಳಗಿನ ಕೋಶ ಚಿಟ್ಟೆಯಾಗಿ ಹೊರಬಂದರೆ ನೂಲು ತುಂಡಾಗುತ್ತದೆ. ಆದ್ದರಿಂದ ಗೂಡನ್ನು ಹಬೆಗೆ ಒಡ್ಡಿಯೋ ಬಿಸಿಗಾಳಿಯಲ್ಲಿ ಒಣಗಿಸಿಯೋ ಕೋಶವನ್ನು ಕೊಲ್ಲುತ್ತಾರೆ. ಬಿಸಿಗಾಳಿ ಪದ್ಧತಿಯಲ್ಲಿ ಉಷ್ಣತೆ ಸುಮಾರು 115 ಡಿಗ್ರಿಯಿಂದ ಶುರುವಾಗಿ ಕ್ರಮೇಣ 55 ಡಿಗ್ರಿಗೆ ಇಳಿಯುತ್ತದೆ. ಗೂಡು ಬೇಯಿಸಲು ಕುದಿಯುವ ಮಟ್ಟದ ನೀರು ಬೇಕು. ಮಲ್ಟಿ ಎಂಡ್ ಯಂತ್ರದ ತೊಟ್ಟಿಯಲ್ಲಿ ನೂಲು ಬಿಚ್ಚಲು 40ರಿಂದ 45 ಡಿಗ್ರಿಯ ಬೆಚ್ಚನೆಯ ನೀರೇ ಸಾಕು. ನೂಲಿನ ಮೇಲಿನ ಸೆರಿಸಿನ್ ಎಂಬ ಅಂಟನ್ನು ಸಾಬೂನು ಮತ್ತು ಸೋಡಾ ಹಾಕಿದ 90–95 ಡಿಗ್ರಿಯ ನೀರಿನಲ್ಲಿ ತೆಗೆಯುತ್ತಾರೆ. ಇದರಲ್ಲಿ ನೂಲಿನ ತೂಕ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಇಳಿಯುತ್ತದೆ. ಬಣ್ಣದ ತೊಟ್ಟಿಗೂ ಹೆಚ್ಚುಕಡಿಮೆ ಇದೇ ಶಾಖ ಬೇಕು.

ಈ ಕೆಲಸಗಳಲ್ಲಿ ನೀರು ಎಲ್ಲಿಯೂ 100 ಡಿಗ್ರಿ ಮೀರಬೇಕಾಗಿಲ್ಲ. ಒತ್ತಡದ ಹಬೆ ನಿಜವಾಗಿ ಬೇಕಾಗುವುದು ಉಡುಪು ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ. ಹಬೆ ಇಸ್ತ್ರಿಗೆ ಚದರ ಸೆಂಟಿಮೀಟರ್‌ಗೆ 3ರಿಂದ 5 ಕೆ.ಜಿ. ಒತ್ತಡ ಸಾಕು. ಒತ್ತಡ ಕಡಿಮೆಯಾದರೆ ಹಬೆಯಲ್ಲಿ ನೀರು ಸೇರಿ ಬಟ್ಟೆಯ ಮೇಲೆ ಕಲೆ ಬೀಳುತ್ತದೆ. ಹೆಚ್ಚಾದರೆ ಇಂಧನ ದಂಡವಾಗುವುದರ ಜೊತೆಗೆ ಅಪಾಯವೂ ಏರುತ್ತದೆ. ಆದ್ದರಿಂದ ಬಾಯ್ಲರ್ ಕೊಳ್ಳುವ ಮೊದಲು ಯಾವ ಕೆಲಸಕ್ಕೆ ಎಷ್ಟು ಡಿಗ್ರಿ, ಗಂಟೆಗೆ ಎಷ್ಟು ಕೆ.ಜಿ. ಹಬೆ ಎಂದು ಲೆಕ್ಕ ಹಾಕಬೇಕು. ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ದಿನದ ಬಹುಪಾಲು ಅರೆಬೆಂಕಿಯಲ್ಲಿ ಉರಿಯುತ್ತ ಸೌದೆ ತಿನ್ನುತ್ತದೆ. ತೀರಾ ಚಿಕ್ಕದನ್ನು ಮಿತಿ ಮೀರಿ ದುಡಿಸುವ ಆಸೆ ಹುಟ್ಟುತ್ತದೆ.

ಅಪಾಯ ಇರುವುದು ಹಬೆಗಿಂತ ನೀರಿನಲ್ಲಿ

ಬಾಯ್ಲರ್ ಸಿಡಿಯುವುದು ಹಬೆಯ ಒತ್ತಡದಿಂದ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹೆಚ್ಚಿನ ಶಕ್ತಿ ಅಡಗಿರುವುದು ಒಳಗಿನ ಬಿಸಿನೀರಿನಲ್ಲಿ. 7 ಕೆ.ಜಿ. ಒತ್ತಡದಲ್ಲಿ ನೀರು ಸುಮಾರು 170 ಡಿಗ್ರಿಯಲ್ಲೂ ನೀರಾಗಿಯೇ ಇರುತ್ತದೆ. ಪಾತ್ರೆ ಬಿರಿದು ಒತ್ತಡ ಒಮ್ಮೆಲೇ ಇಳಿದರೆ ಆ ನೀರಿನ ಸುಮಾರು ಶೇ 13 ಭಾಗ ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. 500 ಲೀಟರ್ ಹಿಡಿಯುವ ಸಾಧಾರಣ ಬಾಯ್ಲರ್‌ನಿಂದ ಹೀಗೆ ಏಳುವ ಹಬೆ ಸುಮಾರು 60 ಕೆ.ಜಿ. ವಾತಾವರಣದ ಒತ್ತಡದಲ್ಲಿ ಅದು ಸುಮಾರು 100 ಘನ ಮೀಟರ್ ಜಾಗ ಕೇಳುತ್ತದೆ. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಹಿಡಿಯುವ ಗಾಳಿಗೆ ಇದು ಸಮ. ಅಷ್ಟು ಹಬೆ ಒಂದು ಕ್ಷಣದಲ್ಲಿ ಹುಟ್ಟಿದಾಗ ಗೋಡೆ, ಛಾವಣಿ ಉಳಿಯುವುದಿಲ್ಲ.

ಚಿಕ್ಕ ಪಾತ್ರೆಯೂ ನಿರುಪದ್ರವಿಯಲ್ಲ. ಚದರ ಸೆಂಟಿಮೀಟರ್‌ಗೆ ಒಂದು ಕೆ.ಜಿ. ಒತ್ತಡವೆಂದರೆ ಕೇಳಲು ಅಲ್ಪ. ಆದರೆ 50 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಅದು ಸುಮಾರು 2 ಟನ್ ಭಾರದಷ್ಟು ಒತ್ತುತ್ತದೆ. ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಬಾಗಿಸಿ ಮಾಡಿಸಿದ ಹಬೆ ಡ್ರಮ್‌ನ ಹೊರದಾರಿ ಗೂಡಿನ ಕಸದಿಂದಲೋ ಸುಣ್ಣದ ಪದರದಿಂದಲೋ ಕಟ್ಟಿಕೊಂಡರೆ ಅದರೊಳಗಿನ ಒತ್ತಡಕ್ಕೆ ಮಿತಿಯೇ ಇರುವುದಿಲ್ಲ. ಪಾತ್ರೆ ತಡೆಯುವವರೆಗೆ ಏರಿ, ತಡೆಯಲಾರದಾಗ ಸಿಡಿಯುತ್ತದೆ. ಒತ್ತಡವನ್ನು ನಿರ್ಧರಿಸುವುದು ಉರಿಯುತ್ತಿರುವ ಬೆಂಕಿ ಮತ್ತು ತೆರೆದಿರುವ ದಾರಿ. ಮಾಡಿಸಿದವರ ಉದ್ದೇಶ ಏನಿತ್ತೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅನಾಹುತಕ್ಕೆ ದಾರಿಗಳು ಮುಖ್ಯವಾಗಿ ನಾಲ್ಕು. ನೀರಿನ ಮಟ್ಟ ಇಳಿದು ಬೆಂಕಿ ತಗಲುವ ಲೋಹ ಬರಿದಾಗಿ ಕೆಂಪಗೆ ಕಾಯುವುದು ಮೊದಲನೆಯದು. ಎರಡನೆಯದು ಸೇಫ್ಟಿ ವಾಲ್ವ್ ಅಂಟಿಕೊಳ್ಳುವುದು ಅಥವಾ ಅದನ್ನು ಬೇಕೆಂದೇ ಬಿಗಿ ಮಾಡುವುದು. ಸುಣ್ಣದ ಪದರ ಮತ್ತು ತುಕ್ಕಿನಿಂದ ಲೋಹ ಸವೆಯುವುದು ಮೂರನೆಯದು. ಒಲೆಯಲ್ಲಿ ಉರಿಯದೆ ಸೇರಿಕೊಂಡ ಅನಿಲಕ್ಕೆ ಒಮ್ಮೆಲೇ ಕಿಡಿ ತಗಲುವುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ನೋಡುವ ಕಣ್ಣು ಮತ್ತು ನೋಡಿದ್ದನ್ನು ಹೇಳುವ ಸ್ವಾತಂತ್ರ್ಯ ಇದ್ದಲ್ಲಿ ಇವೆಲ್ಲವನ್ನೂ ತಡೆಯಬಹುದು.

ದುರಂತಗಳಿಂದ ಹುಟ್ಟಿದ ಕಾನೂನು

ಬಾಯ್ಲರ್ ಕಾನೂನಿನ ಇತಿಹಾಸವೆಂದರೆ ಸಾವುಗಳ ಇತಿಹಾಸವೇ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಪ್ರಾಂತ್ಯಕ್ಕೊಂದರಂತೆ ಇದ್ದ ನಿಯಮಗಳನ್ನು ಒಂದುಗೂಡಿಸಿದ್ದು 1923ರ ಭಾರತೀಯ ಬಾಯ್ಲರ್ ಕಾಯ್ದೆ. ನಿರ್ಮಾಣ, ವಸ್ತು ಮತ್ತು ಪರೀಕ್ಷೆಯ ವಿವರಗಳು 1950ರ ಭಾರತೀಯ ಬಾಯ್ಲರ್ ನಿಬಂಧನೆಗಳಲ್ಲಿವೆ. ಅಮೆರಿಕದ ಬ್ರಾಕ್ಟನ್‌ನಲ್ಲಿ 1905ರಲ್ಲಿ ಶೂ ಕಾರ್ಖಾನೆಯೊಂದರ ಬಾಯ್ಲರ್ ಸಿಡಿದು 58 ಮಂದಿ ಸತ್ತದ್ದು ಅಲ್ಲಿನ ಬಾಯ್ಲರ್ ಸಂಹಿತೆಗೆ ಪ್ರೇರಣೆಯಾಯಿತು.

ಉಡುಪು ಉದ್ಯಮದ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ ಪಾಠ ಬಾಂಗ್ಲಾದೇಶದ್ದು. 2013ರಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ನಂತರ ಅಲ್ಲಿ ಕಾರ್ಖಾನೆಗಳ ತಪಾಸಣೆಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು ಬೆಂಕಿ, ವಿದ್ಯುತ್ ಮತ್ತು ಕಟ್ಟಡಗಳನ್ನು ಪರಿಶೀಲಿಸಿತು. ಬಾಯ್ಲರ್ ಅದರ ವ್ಯಾಪ್ತಿಯಲ್ಲಿರಲಿಲ್ಲ. 2017ರ ಜುಲೈ 3ರಂದು ಗಾಜಿಪುರದ ಉಡುಪು ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು 13 ಮಂದಿ ಸತ್ತರು. ಈದ್ ರಜೆ ಮುಗಿದು ಕಾರ್ಖಾನೆ ಮತ್ತೆ ಆರಂಭವಾಗುವ ಹೊತ್ತು ಅದು. ಆ ಬಳಿಕವೇ ಬಾಯ್ಲರ್ ಸುರಕ್ಷತೆ ಅಲ್ಲಿನ ತಪಾಸಣೆಯೊಳಗೆ ಸೇರಿತು. ಹಬ್ಬದ ರಜೆಯ ನಂತರ ತಣ್ಣಗಾದ ಬಾಯ್ಲರನ್ನು ಹಚ್ಚುವ ಪ್ರಸಂಗ ದಸರಾ, ದೀಪಾವಳಿ, ಯುಗಾದಿ ಮುಗಿದಾಗಲೆಲ್ಲ ಇಲ್ಲಿಯೂ ಬರುತ್ತದೆ. ಆ ದಿನದ ಬೆಳಗ್ಗೆ ವರ್ಷದ ಉಳಿದ ದಿನಗಳಿಗಿಂತ ಹೆಚ್ಚು ಎಚ್ಚರ ಬೇಕು.

ಭಾರತದಲ್ಲಿ 1923ರ ಕಾಯ್ದೆಯ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಸಣ್ಣ ಲೋಪಗಳಿಗೆ ದಂಡದ ವಿಧಾನವನ್ನು ಅದು ಸರಳಗೊಳಿಸಿದೆ. ಸೇಫ್ಟಿ ವಾಲ್ವ್ ಕೆಡಿಸುವಂಥ ಜೀವಕ್ಕೆ ಕುತ್ತು ತರುವ ಕೃತ್ಯಗಳನ್ನು ಮಾತ್ರ ಜೈಲು ಶಿಕ್ಷೆಗೆ ಅರ್ಹ ಅಪರಾಧಗಳಾಗಿಯೇ ಉಳಿಸಿಕೊಂಡಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ, ಒಂದು ಕೆ.ಜಿ.ಗಿಂತ ಕಡಿಮೆ ಒತ್ತಡದ ಅಥವಾ ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಪಾತ್ರೆಗಳು ಕಾನೂನಿನ ಅರ್ಥದಲ್ಲಿ ಬಾಯ್ಲರ್ ಅಲ್ಲ. ಉಳಿದವನ್ನೆಲ್ಲ ನೋಂದಾಯಿಸಬೇಕು, ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಕರ್ನಾಟಕದಲ್ಲಿ ಈ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯದು. ಪರೀಕ್ಷೆಯ ವೇಳೆ ಬಾಯ್ಲರ್‌ಗೆ ಪೂರ್ತಿ ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಸೋರಿಕೆ ನೋಡುತ್ತಾರೆ. ತಣ್ಣೀರು ಹಬೆಯಂತೆ ಹಿಗ್ಗುವುದಿಲ್ಲವಾದ್ದರಿಂದ ದೋಷವಿದ್ದರೂ ಅಪಾಯವಿಲ್ಲದೆ ಬಯಲಾಗುತ್ತದೆ.

ರೀಲಿಂಗ್, ಅಂದರೆ ನೂಲು ಬಿಚ್ಚುವ, ಸಣ್ಣ ಘಟಕಗಳ ಕಷ್ಟ ಇರುವುದು ಕಾನೂನಿನ ಗೆರೆಯ ಕೆಳಗೆ. ಅಲ್ಲಿ ತಪಾಸಣೆಯಿಲ್ಲ, ನೋಂದಣಿಯಿಲ್ಲ. ಆದರೆ ಸುಡುವ ಹಬೆ, ಕುದಿಯುವ ತೊಟ್ಟಿ, ಹೊಗೆ ತುಂಬಿದ ಕೋಣೆ ಎಲ್ಲವೂ ಇವೆ. ಒತ್ತಡದಲ್ಲಿ ಕೆಲಸ ಮಾಡುವ ಯಾವುದೇ ಪಾತ್ರೆ ತನ್ನ ಸುರಕ್ಷಿತ ಮಿತಿ ದಾಟದಂತೆ ನೋಡಿಕೊಳ್ಳಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ ಹಾಕಿಕೊಟ್ಟ ತತ್ವ. ಮನೆಯ ಘಟಕಕ್ಕೂ ಅದೇ ತತ್ವ ಸಲ್ಲಬೇಕು. ಒತ್ತಡಕ್ಕೆ ತಾನಾಗಿ ತೆರೆಯುವ ವಾಲ್ವ್, ಒತ್ತಡ ತೋರುವ ಗೇಜ್ ಮತ್ತು ನೀರಿನ ಮಟ್ಟ ತೋರುವ ಗಾಜಿನ ಕೊಳವೆ ಇಲ್ಲದ ಮುಚ್ಚಿದ ಪಾತ್ರೆಯ ಕೆಳಗೆ ಬೆಂಕಿ ಹಚ್ಚುವುದು ಯಾರ ಮನೆಯಲ್ಲೂ ಸರಿಯಲ್ಲ.

ನೀರು

ಗ್ರಾನೈಟ್ ಮತ್ತು ನೈಸ್ ಶಿಲೆಗಳ ಈ ಒಣಪ್ರದೇಶದಲ್ಲಿ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕುದಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕೊಳವೆಗಳ ಮೇಲೆ ಗಟ್ಟಿ ಪದರವಾಗಿ ಕೂರುತ್ತವೆ. ಈ ಪದರ ಶಾಖ ಸಾಗಿಸುವುದು ಉಕ್ಕಿಗಿಂತ ಹತ್ತಾರು ಪಟ್ಟು ಕಡಿಮೆ. ಬೆಂಕಿಯ ಶಾಖ ನೀರಿಗೆ ದಾಟದೆ ಚಿಮಣಿಯಲ್ಲಿ ಹೋಗುತ್ತದೆ. ಸೌದೆ ಹೆಚ್ಚು ಬೇಕಾಗುತ್ತದೆ. ಅದೇ ಹೊತ್ತಿಗೆ ನೀರು ತಣಿಸದ ಕೊಳವೆ ಮಿತಿಮೀರಿ ಕಾಯ್ದು ಉಬ್ಬಿ ಬಿರಿಯುತ್ತದೆ. ಒಂದೇ ಪದರ ಜೇಬಿಗೂ ಜೀವಕ್ಕೂ ಎರವಾಗುತ್ತದೆ. ಇದಕ್ಕೆ ಪರಿಹಾರ ಸಾಫ್ಟ್‌ನರ್. ರಾಳದ ಕಣಗಳ ಮೂಲಕ ನೀರು ಹಾದಾಗ ಗಡಸುತನ ಇಳಿಯುತ್ತದೆ. ರಾಳವನ್ನು ಆಗಾಗ ಉಪ್ಪುನೀರಿನಿಂದ ಪುನಶ್ಚೇತನಗೊಳಿಸಬೇಕು. ಬಾಯ್ಲರ್‌ಗೆ ಹೋಗುವ ನೀರಿನ ಗಡಸುತನ ಲೀಟರಿಗೆ 5 ಮಿ.ಗ್ರಾಂ. ಮೀರದಿದ್ದರೆ ಒಳ್ಳೆಯದು. ಇದನ್ನು ಪ್ರತಿದಿನ ನೋಡಲು ಹನಿ ಹಾಕಿ ಬಣ್ಣ ನೋಡುವ ಸರಳ ಕಿಟ್ ಸಾಕು.

ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಇಳಿಸುವುದಿಲ್ಲ. ಹಬೆ ಹೊರಗೆ ಹೋದಂತೆಲ್ಲ ಲವಣ ಒಳಗೆ ಸಾಂದ್ರವಾಗುತ್ತದೆ. ಆ ನೀರಿನ ಒಂದಂಶವನ್ನು ಆಗಾಗ ತಳದಿಂದ ಹೊರಬಿಡುವುದೇ ಬ್ಲೋಡೌನ್. ಲೀಟರಿಗೆ 800 ಮಿ.ಗ್ರಾಂ. ಲವಣವಿರುವ ನೀರನ್ನು ಬಳಸಿ ಬಾಯ್ಲರ್ ಒಳಗೆ 3,500 ಮಿ.ಗ್ರಾಂ. ಮಿತಿ ಕಾಯ್ದುಕೊಳ್ಳಬೇಕಾದರೆ ಪ್ರತಿ 100 ಕೆ.ಜಿ. ಹಬೆಗೆ ಸುಮಾರು 30 ಕೆ.ಜಿ. ಬಿಸಿನೀರನ್ನು ಹೊರಚೆಲ್ಲಬೇಕಾಗುತ್ತದೆ. 7 ಕೆ.ಜಿ. ಒತ್ತಡದಲ್ಲಿ ದುಡಿಯುವ ಬಾಯ್ಲರ್‌ನಲ್ಲಿ ಇದರ ಜೊತೆ ಹೋಗುವ ಶಾಖ ಇಂಧನದ ಖರ್ಚನ್ನು ಶೇ 6–7ರಷ್ಟು ಏರಿಸುತ್ತದೆ.

ಹಬೆ ತಣಿದು ಮರಳುವ ನೀರು, ಅಂದರೆ ಕಂಡೆನ್ಸೇಟ್, ಬಹುಮಟ್ಟಿಗೆ ಲವಣರಹಿತ. ಬಾಯ್ಲರ್‌ಗೆ ಹಾಕುವ ನೀರಿನಲ್ಲಿ ಅರ್ಧದಷ್ಟು ಕಂಡೆನ್ಸೇಟ್ ಇದ್ದರೆ ಮೇಲಿನ ಲೆಕ್ಕದಲ್ಲಿ 30 ಕೆ.ಜಿ. ಬ್ಲೋಡೌನ್ 13 ಕೆ.ಜಿ.ಗೆ ಇಳಿಯುತ್ತದೆ. ಅದು ಬಿಸಿಯಾಗಿಯೇ ಬರುವುದರಿಂದ ಇಂಧನವೂ ಉಳಿಯುತ್ತದೆ. ಬಾಯ್ಲರ್ ನೀರು ಪ್ರತಿ 6 ಡಿಗ್ರಿ ಬಿಸಿಯಾಗಿ ಬಂದರೆ ಇಂಧನದಲ್ಲಿ ಸುಮಾರು ಶೇ 1 ಉಳಿತಾಯವೆಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. 30 ಡಿಗ್ರಿಯ ಬದಲು 80 ಡಿಗ್ರಿಯ ನೀರು ಕೊಟ್ಟರೆ ಶೇ 8ರಷ್ಟು ಸೌದೆ ಉಳಿಯುತ್ತದೆ. ಬಿಸಿನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ತುಕ್ಕಿಗೆ ಕಾರಣವೇ ಆ ಆಮ್ಲಜನಕವಾದ್ದರಿಂದ ಬಾಯ್ಲರ್ ಬಾಳಿಕೆಯೂ ಹೆಚ್ಚುತ್ತದೆ.

ರೇಷ್ಮೆ ಘಟಕಗಳಲ್ಲಿ ಇಲ್ಲೊಂದು ತೊಡಕಿದೆ. ಹಲವೆಡೆ ಹಬೆಯನ್ನು ನೇರವಾಗಿ ತೊಟ್ಟಿಯ ನೀರಿಗೆ ಬಿಡುತ್ತಾರೆ. ಅದು ಅಲ್ಲೇ ನೀರಾಗಿ ಸೆರಿಸಿನ್ ಮತ್ತು ಹುಳುವಿನ ಎಣ್ಣೆಯೊಡನೆ ಬೆರೆಯುತ್ತದೆ. ಹಾಗೆ ಕೆಟ್ಟ ನೀರನ್ನು ಬಾಯ್ಲರ್‌ಗೆ ಮರಳಿಸುವಂತಿಲ್ಲ; ಮರಳಿಸಿದರೆ ನೊರೆ ಎದ್ದು ನೀರೇ ಹಬೆಯ ಕೊಳವೆಗೆ ನುಗ್ಗುತ್ತದೆ. ತೊಟ್ಟಿಯೊಳಗೆ ಸುರುಳಿ ಕೊಳವೆ ಇಟ್ಟು, ಹಬೆ ಅದರೊಳಗೆ ಹಾದುಹೋಗುವಂತೆ ಮಾಡಿದರೆ ಕಂಡೆನ್ಸೇಟ್ ಶುದ್ಧವಾಗಿ ಹಿಂದಕ್ಕೆ ಬರುತ್ತದೆ. ಉಡುಪು ಕಾರ್ಖಾನೆಯ ಇಸ್ತ್ರಿ ಸಾಲಿನಲ್ಲೂ ಬಟ್ಟೆಗೆ ಚಿಮ್ಮಿದ ಹಬೆಯನ್ನು ಬಿಟ್ಟು ಉಳಿದದ್ದನ್ನು ಮರಳಿ ಕೊಳವೆಯಿಂದ ಸಂಗ್ರಹಿಸಬಹುದು. ಮಳೆನೀರಿನಲ್ಲೂ ಲವಣ ಅತ್ಯಲ್ಪ. ವರ್ಷಕ್ಕೆ 700 ಮಿ.ಮೀ. ಮಳೆ ಬೀಳುವಲ್ಲಿ 1,000 ಚದರ ಮೀಟರ್ ಛಾವಣಿಯಿಂದ 5 ಲಕ್ಷ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಅದನ್ನು ಸೋಸಿ, ಕ್ಷಾರತೆ ಸರಿಪಡಿಸಿ ಬೋರ್‌ವೆಲ್ ನೀರಿಗೆ ಬೆರೆಸಿದರೆ ಬ್ಲೋಡೌನ್ ಮತ್ತಷ್ಟು ಇಳಿಯುತ್ತದೆ.

ಇಂಧನ ಮತ್ತು ಕಾಡು

ಈ ಮೂರು ತಾಲ್ಲೂಕುಗಳನ್ನು ಕಾಡು ಸುತ್ತುವರಿದಿದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಹನೂರಿನ ಕಡೆ ಮಲೆ ಮಹದೇಶ್ವರ ವನ್ಯಜೀವಿಧಾಮ ಮತ್ತು ಕಾವೇರಿ ವನ್ಯಜೀವಿಧಾಮಗಳಿವೆ. ಇಂಥ ನೆಲದಲ್ಲಿ ಸೌದೆ ಎಲ್ಲಿಂದ ಬಂತು ಎಂಬುದು ಪ್ರತಿ ಘಟಕವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಹೊಲದ ಬದುವಿನ ಮರ ಮತ್ತೆ ಚಿಗುರುವಂತೆ ಕಡಿದ ಸೌದೆಗೂ ಕಾಡಿನಿಂದ ಕದ್ದು ತಂದ ಸೌದೆಗೂ ಒಲೆಯಲ್ಲಿ ವ್ಯತ್ಯಾಸವಿಲ್ಲ. ನೆಲಕ್ಕೆ ಮಾತ್ರ ಅಜಗಜಾಂತರವಿದೆ.

ಯಾವ ಸೌದೆಯಾದರೂ ಒಣಗಿರಬೇಕು. ಗಾಳಿಗೆ ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಿಂದ ಸುಮಾರು 3,500 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಶೇ 40 ತೇವವಿರುವ ಹಸಿ ಸೌದೆಯಿಂದ ಸಿಗುವುದು ಸುಮಾರು 2,400 ಮಾತ್ರ. ಶೇ 65 ದಕ್ಷತೆಯ ಬಾಯ್ಲರ್‌ನಲ್ಲಿ ಒಣಸೌದೆಯ ಒಂದು ಕೆ.ಜಿ. ಸುಮಾರು 3.6 ಕೆ.ಜಿ. ಹಬೆ ಕೊಡುತ್ತದೆ. ಮಳೆ ತಾಗದ ಚಪ್ಪರದಡಿ ಸೌದೆಯನ್ನು ಸೀಳಿ, ಗಾಳಿಯಾಡುವಂತೆ ಜೋಡಿಸಿ ಕೆಲವು ತಿಂಗಳು ಬಿಡುವುದು ಅತ್ಯಂತ ಅಗ್ಗದ ಇಂಧನ ಉಳಿತಾಯ. ಹೊಗೆಯೂ ಅದರಿಂದ ಕಡಿಮೆಯಾಗುತ್ತದೆ.

ಸೌದೆಗೆ ಬದಲಿಯಾಗಿ ಈ ಸೀಮೆಯಲ್ಲೇ ಬೆಳೆಯ ಉಳಿಕೆಗಳು ಸಿಗುತ್ತವೆ: ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪು, ಮೆಕ್ಕೆಜೋಳದ ದಿಂಡು, ಅಕ್ಕಿ ಗಿರಣಿಯ ಹೊಟ್ಟು. ಕುಂತೂರಿನ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಉದ್ಯಮ ತನ್ನದೇ ಕಬ್ಬಿನ ಸಿಪ್ಪೆಯಿಂದ ಹಬೆ ಮಾಡಿಕೊಳ್ಳುವುದು ಇದೇ ತತ್ವದ ಮೇಲೆ. ಆದರೆ ಎಲ್ಲ ಉಳಿಕೆಯೂ ಎಲ್ಲ ಒಲೆಗೂ ಒಗ್ಗುವುದಿಲ್ಲ. ಭತ್ತದ ಹೊಟ್ಟಿನಲ್ಲಿ ಐದನೇ ಒಂದರಷ್ಟು ಬೂದಿಯೇ. ಸಿಲಿಕಾ ತುಂಬಿದ ಆ ಬೂದಿ ಕೊಳವೆಗಳನ್ನು ಉಜ್ಜಿ ಸವೆಸುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ಉಳಿಕೆಗಳ ಬೂದಿ ಬೇಗ ಕರಗಿ ಕಿಟ್ಟ ಕಟ್ಟುತ್ತದೆ. ಒತ್ತಿ ಮಾಡಿದ ಬ್ರಿಕೆಟ್‌ಗಳು ಒಣಗಿರುವುದರಿಂದ, ಒಂದೇ ಗಾತ್ರವಾಗಿರುವುದರಿಂದ ಬೆಂಕಿಯನ್ನು ಹದವಾಗಿಡುವುದು ಸುಲಭ. ಕಾರ್ಖಾನೆಯ ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಒಲೆಗೆ ಹಾಕುವ ಅಭ್ಯಾಸವನ್ನು ಮಾತ್ರ ಪೂರ್ತಿ ಬಿಡಬೇಕು. ಪಾಲಿಯೆಸ್ಟರ್, ಬಣ್ಣ ಮತ್ತು ಪ್ಲಾಸ್ಟಿಕ್ ಉರಿದ ಹೊಗೆ ಉಸಿರಿಗೂ ಲೋಹಕ್ಕೂ ವಿಷ.

ಒಲೆಗೆ ಹೋಗುವ ಗಾಳಿಯೂ ಇಂಧನದಷ್ಟೇ ಮುಖ್ಯ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಮತ್ತು ವಿಷಾನಿಲ. ಹೆಚ್ಚಾದರೆ ಬಿಸಿ ಚಿಮಣಿಯಲ್ಲಿ ಹಾರಿಹೋಗುತ್ತದೆ. ಚಿಮಣಿಯ ಹೊಗೆಯ ಉಷ್ಣತೆ 22 ಡಿಗ್ರಿ ಇಳಿದರೆ ಇಂಧನದಲ್ಲಿ ಸುಮಾರು ಶೇ 1 ಉಳಿಯುತ್ತದೆ. ಅದು ದಿನೇದಿನೇ ಏರುತ್ತಿದ್ದರೆ ಕೊಳವೆಗಳಿಗೆ ಮಸಿಯೋ ಸುಣ್ಣವೋ ಹತ್ತಿದೆಯೆಂದು ತಿಳಿಯಬೇಕು. ಚಿಮಣಿಗೆ ಒಂದು ಉಷ್ಣಮಾಪಕ ಹಾಕಿದರೆ ಅದು ಉಳಿತಾಯವನ್ನೂ ಅಪಾಯದ ಸೂಚನೆಯನ್ನೂ ಒಟ್ಟಿಗೇ ತೋರಿಸುತ್ತದೆ.

ಕೊಳವೆ ಸಾಲು

ಮಾಡಿದ ಹಬೆ ಕೆಲಸದ ಜಾಗ ತಲುಪುವಷ್ಟರಲ್ಲಿ ಸೋರಿ, ತಣಿದು ಹೋಗುವುದು ಸಾಮಾನ್ಯ. 150 ಡಿಗ್ರಿಯ ಹಬೆ ಹರಿಯುವ 50 ಮಿ.ಮೀ. ಕೊಳವೆ 10 ಮೀಟರ್ ಉದ್ದಕ್ಕೆ ಹೊದಿಕೆಯಿಲ್ಲದೆ ಬರಿದಾಗಿದ್ದರೆ ಗಂಟೆಗೆ ಸುಮಾರು ಒಂದು ಕೆ.ಜಿ. ಸೌದೆಯ ಶಾಖವನ್ನು ಗಾಳಿಗೆ ಬಿಡುತ್ತದೆ. 7 ಕೆ.ಜಿ. ಒತ್ತಡದಲ್ಲಿ 3 ಮಿ.ಮೀ. ತೂತಿನಿಂದ ಗಂಟೆಗೆ ಸುಮಾರು 30 ಕೆ.ಜಿ. ಹಬೆ ಸೋರುತ್ತದೆ. ಆ ಬರಿಯ ಕೊಳವೆಗೆ ಕೈ ತಾಗಿದರೆ ಸುಡುತ್ತದೆ. ಆ ಸೋರಿಕೆ ಮುಖಕ್ಕೆ ಹೊಡೆದರೆ ಕಣ್ಣು ಹೋಗುತ್ತದೆ. ಗಾಜುನಾರಿನ ಅಥವಾ ರಾಕ್‌ವುಲ್ ಹೊದಿಕೆ ಹಾಕುವುದು, ತಣಿದ ನೀರನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್‌ಗಳನ್ನು ತಿಂಗಳಿಗೊಮ್ಮೆ ನೋಡುವುದು, ಕೊಳವೆಯನ್ನು ಹಬೆ ಹರಿಯುವ ದಿಕ್ಕಿಗೆ ಸ್ವಲ್ಪ ಇಳಿಜಾರಾಗಿಡುವುದು ಇವಕ್ಕೆ ಮದ್ದು. ಇಳಿಜಾರಿಲ್ಲದಿದ್ದರೆ ನಿಂತ ನೀರನ್ನು ಹಬೆ ಹೊತ್ತೊಯ್ದು ಬಡಿಯುತ್ತದೆ. ಕೊಳವೆಯಲ್ಲಿ ಸುತ್ತಿಗೆ ಹೊಡೆದಂಥ ಸದ್ದು ಬಂದರೆ ವಾಲ್ವ್ ನಿಧಾನವಾಗಿ ಮುಚ್ಚಿ ನೀರು ಬಸಿಯಬೇಕು. ಬೆಳಗ್ಗೆ ಮುಖ್ಯ ವಾಲ್ವನ್ನು ಒಮ್ಮೆಲೇ ತೆರೆಯದೆ ಕೊಳವೆ ಬೆಚ್ಚಗಾಗುವವರೆಗೆ ಕಾಯುವುದಕ್ಕೂ ಇದೇ ಕಾರಣ.

ನಡೆಸುವವರು

ಬಾಯ್ಲರ್ ಕಾಯುವವನು ಸೌದೆ ಹಾಕುವ ಕೂಲಿಯಷ್ಟೇ ಎಂದು ತಿಳಿದ ಕಾರ್ಖಾನೆಯಲ್ಲಿ ಯಾವ ಸಲಕರಣೆಯೂ ಸುರಕ್ಷತೆ ತರಲಾರದು. ನೋಂದಾಯಿತ ಬಾಯ್ಲರನ್ನು ನಡೆಸಲು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾ ಪತ್ರ ಪಡೆದ ಬಾಯ್ಲರ್ ಅಟೆಂಡೆಂಟ್ ಬೇಕು. ಬೆಂಕಿ ಇರುವಷ್ಟು ಹೊತ್ತು ಅವನು ಅಲ್ಲಿಯೇ ಇರಬೇಕು. ಪಾಳಿಯ ಆರಂಭದಲ್ಲಿ ಗೇಜ್ ಗ್ಲಾಸ್‌ನ ನಲ್ಲಿ ತೆರೆದು ನೀರು ಇಳಿದು ಮತ್ತೆ ಏರುತ್ತದೆಯೇ ಎಂದು ನೋಡುವುದು ಮೊದಲ ಕೆಲಸ. ಕಟ್ಟಿಕೊಂಡ ಗಾಜು ಸುಳ್ಳು ಮಟ್ಟ ತೋರಿಸುತ್ತದೆ. ಬೆಂಕಿ ಹಚ್ಚುವ ಮೊದಲು ಡ್ಯಾಂಪರ್ ಎಂಬ ಹೊಗೆದಾರಿಯ ಮುಚ್ಚಳ ತೆರೆದು ಒಲೆಯ ಅನಿಲ ಹೊರಹೋಗಲು ಕೆಲವು ನಿಮಿಷ ಬಿಡಬೇಕು. ಬ್ಲೋಡೌನ್, ಸೇಫ್ಟಿ ವಾಲ್ವ್ ಪರೀಕ್ಷೆ, ಒತ್ತಡ, ಚಿಮಣಿಯ ಉಷ್ಣತೆ, ನೀರಿನ ಪರೀಕ್ಷೆ ಎಲ್ಲವೂ ದಿನಚರಿ ಪುಸ್ತಕಕ್ಕೆ ಏರಬೇಕು.

ನೀರಿನ ಮಟ್ಟ ಗಾಜಿನಲ್ಲಿ ಕಾಣದಷ್ಟು ಇಳಿದಾಗ ಹೆದರಿ ಪಂಪ್ ಹಾಕುವುದೇ ಮನುಷ್ಯಸಹಜ ಪ್ರತಿಕ್ರಿಯೆ. ಜೀವ ತೆಗೆಯುವ ತಪ್ಪೂ ಅದೇ. ಕೆಂಪಗೆ ಕಾದ ಲೋಹಕ್ಕೆ ತಣ್ಣೀರು ತಾಗಿದರೆ ಒಮ್ಮೆಲೇ ಹಬೆ ಎದ್ದು, ಲೋಹ ಬಿರಿಯುತ್ತದೆ. ನೀರು ಹಾಕದೆ, ಗಾಳಿ ನಿಲ್ಲಿಸಿ, ಒದ್ದೆ ಬೂದಿಯಿಂದ ಬೆಂಕಿ ಮುಚ್ಚಿ, ಎಲ್ಲರನ್ನೂ ದೂರ ಕಳಿಸಿ ತಾನಾಗಿ ತಣಿಯಲು ಬಿಡಬೇಕು. ಸೀಸದ ಮಿಶ್ರಲೋಹದ ಫ್ಯೂಸಿಬಲ್ ಪ್ಲಗ್ ಇದ್ದರೆ ಮಟ್ಟ ಇಳಿದಾಗ ಅದು ಕರಗಿ, ಹಬೆ ಒಲೆಗೆ ನುಗ್ಗಿ ಬೆಂಕಿಯನ್ನು ತಗ್ಗಿಸುತ್ತದೆ.

ಗ್ರಾಮೀಣ ಘಟಕಗಳಿಗೆ ವಿಶೇಷವಾಗಿ ಅನ್ವಯಿಸುವ ಅಪಾಯವೆಂದರೆ ವಿದ್ಯುತ್ ಕಡಿತ. ಕರೆಂಟ್ ಹೋದರೆ ಡೀಸೆಲ್ ಅಥವಾ ಗ್ಯಾಸ್ ಬರ್ನರ್ ತಾನಾಗಿ ನಿಲ್ಲುತ್ತದೆ. ಸೌದೆಯ ಬೆಂಕಿ ನಿಲ್ಲುವುದಿಲ್ಲ. ನೀರಿನ ಪಂಪ್ ಮಾತ್ರ ನಿಲ್ಲುತ್ತದೆ. ಒಲೆ ಉರಿಯುತ್ತಲೇ ಇರುವಾಗ ನೀರು ಆವಿಯಾಗುತ್ತ ಮಟ್ಟ ಇಳಿಯುತ್ತದೆ. ಆದ್ದರಿಂದ ಸೌದೆ ಬಾಯ್ಲರ್‌ಗೆ ವಿದ್ಯುತ್ ಇಲ್ಲದೆ ನಡೆಯುವ ಎರಡನೇ ನೀರಿನ ವ್ಯವಸ್ಥೆ ಇರಲೇಬೇಕು. ಬಾಯ್ಲರ್‌ನ ಹಬೆಯಿಂದಲೇ ಕೆಲಸ ಮಾಡುವ ಇಂಜೆಕ್ಟರ್ ಅಥವಾ ತಕ್ಷಣ ಚಾಲೂ ಆಗುವ ಜನರೇಟರ್‌ಗೆ ಜೋಡಿಸಿದ ಪಂಪ್ ಇದಕ್ಕೆ ತಕ್ಕದ್ದು. ಡ್ಯಾಂಪರ್ ಕೈಯಿಂದಲೇ ಮುಚ್ಚುವಂತಿರಬೇಕು.

ಬಾಯ್ಲರ್ ಕೋಣೆ ಹೊಲಿಗೆ ಸಾಲಿನಿಂದ ಪ್ರತ್ಯೇಕವಾಗಿರಬೇಕು. ಅದರ ಬಾಗಿಲು ಹೊರಕ್ಕೆ ತೆರೆಯಬೇಕು, ಕೆಲಸದ ವೇಳೆ ಬೀಗ ಬೀಳಬಾರದು. ಬಟ್ಟೆಯ ಉಂಡೆ, ನೂಲಿನ ಕಸ ಅಲ್ಲಿ ಸೇರಬಾರದು. ರೀಲಿಂಗ್ ತೊಟ್ಟಿಯ ಮುಂದೆ ಇಡೀ ದಿನ ಬಿಸಿನೀರಿನಲ್ಲಿ ಬೆರಳಾಡಿಸುವವರ ಚರ್ಮ ಒಡೆಯುತ್ತದೆ, ಹೊಗೆ ಉಸಿರು ಕಟ್ಟಿಸುತ್ತದೆ. ಗಾಳಿ ಬೆಳಕು, ಚಿಮಣಿ, ಬೇಯಿಸುವ ತೊಟ್ಟಿಗೆ ಅಡ್ಡಗಟ್ಟೆ, ಸುಟ್ಟಗಾಯಕ್ಕೆ ತಣ್ಣೀರಿನ ನಲ್ಲಿ ಇವು ದೊಡ್ಡ ಖರ್ಚಿನವಲ್ಲ. ಒತ್ತಡ ಏರಿದೆಯೆಂದು ಕಂಡವರು ಯಾರೇ ಆದರೂ, ಮಾಲೀಕನ ಅನುಮತಿ ಕಾಯದೆ ಕೆಲಸ ನಿಲ್ಲಿಸುವ ಹಕ್ಕು ಅವರಿಗಿರಬೇಕು.

ಬದಲಿ ದಾರಿಗಳು

ಶಾಖವನ್ನು ಕೆಲಸಕ್ಕೆ ತಕ್ಕಂತೆ ಹಂಚಿದರೆ ಬಾಯ್ಲರ್‌ನ ಹೊರೆ ತಗ್ಗುತ್ತದೆ. 40–45 ಡಿಗ್ರಿಯ ರೀಲಿಂಗ್ ನೀರಿಗೆ ಛಾವಣಿಯ ಮೇಲಿನ ಸೌರ ಫಲಕ ಸಾಕು. ಬಾಯ್ಲರ್ ನೀರನ್ನು 60 ಡಿಗ್ರಿಗೆ ಏರಿಸಲೂ ಬಿಸಿಲು ನೆರವಾಗುತ್ತದೆ. ಏಳೆಂಟು ಇಸ್ತ್ರಿ ಮೇಜುಗಳ ಚಿಕ್ಕ ಉಡುಪು ಘಟಕಕ್ಕೆ ಮೇಜಿನ ಪಕ್ಕದಲ್ಲೇ ಇಡುವ ವಿದ್ಯುತ್ ಹಬೆ ಯಂತ್ರ ಸೌದೆ ಬಾಯ್ಲರ್‌ಗಿಂತ ಸೂಕ್ತ. ಕೊಳವೆ ಸಾಲು ಬೇಕಿಲ್ಲ, ನೀರು ಮುಗಿದರೆ ತಾನಾಗಿ ನಿಲ್ಲುತ್ತದೆ. ಆದರೆ ಅದರ ಒತ್ತಡದ ಪಾತ್ರೆಗೂ ಸೇಫ್ಟಿ ವಾಲ್ವ್ ಪರೀಕ್ಷೆ ಮತ್ತು ಮೃದುನೀರು ಬೇಕೇ ಬೇಕು. ರೇಷ್ಮೆ ಯಂತ್ರಗಳು ಮತ್ತು ಒಲೆಗಳ ಸುಧಾರಣೆಗಾಗಿ ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ 1983ರಿಂದ ಕೆಲಸ ಮಾಡುತ್ತಿದೆ. ಇಂಧನ ಲೆಕ್ಕಪರಿಶೋಧನೆಯ ಮಾನದಂಡಗಳನ್ನು 2002ರಲ್ಲಿ ಸ್ಥಾಪನೆಯಾದ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ರೂಪಿಸಿದೆ.

ಒಂಟಿ ರೀಲರ್‌ಗೆ ಸಾಫ್ಟ್‌ನರ್, ಅರ್ಹ ಅಟೆಂಡೆಂಟ್, ವಾರ್ಷಿಕ ತಪಾಸಣೆಗಳ ಖರ್ಚು ಹೊರಲಾಗದು. ಹತ್ತು ಘಟಕಗಳು ಸೇರಿ ಒಂದು ನೋಂದಾಯಿತ ಬಾಯ್ಲರ್ ಇಟ್ಟುಕೊಂಡು ಗೂಡು ಒಣಗಿಸುವುದನ್ನೂ ಬೇಯಿಸುವುದನ್ನೂ ಅಂಟು ತೆಗೆಯುವುದನ್ನೂ ಒಂದೆಡೆ ನಡೆಸಿದರೆ ಆ ಖರ್ಚು ಹಂಚಿಹೋಗುತ್ತದೆ. ಅಪಾಯದ ಪಾತ್ರೆಗಳು ಮನೆಗಳಿಂದ ಹೊರಗೆ ಬರುತ್ತವೆ. ಸೌದೆಯ ಮೂಲವನ್ನು ಗುರುತಿಸುವುದು, ಬೆಳೆಯುಳಿಕೆಯನ್ನು ಒಟ್ಟಾಗಿ ಕೊಳ್ಳುವುದು ಸುಲಭವಾಗುತ್ತದೆ. ಕೊಳ್ಳೇಗಾಲ ಮತ್ತು ಮಾಂಬಳ್ಳಿಯ ಫಿಲೇಚರ್‌ಗಳು ಹಿಂದೆ ಒಂದು ಬಾಯ್ಲರ್‌ನ ಹಬೆಯನ್ನು ನೂರಾರು ಕೈಗಳಿಗೆ ಹಂಚುತ್ತಿದ್ದುದು ಇದೇ ತರ್ಕದ ಮೇಲೆ. ಮೃದುನೀರು, ಒಣ ಇಂಧನ, ಹೊದಿಕೆಯ ಕೊಳವೆ, ತರಬೇತಾದ ಕಾವಲು ಈ ನಾಲ್ಕೂ ಇದ್ದಲ್ಲಿ ಖರ್ಚು ಇಳಿಯುತ್ತದೆ, ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ, ದುಡಿಯುವವರು ಸಂಜೆ ಸುರಕ್ಷಿತವಾಗಿ ಮನೆ ಸೇರುತ್ತಾರೆ. ಇವುಗಳಲ್ಲಿ ಮೊದಲ ಹೂಡಿಕೆ ನೀರಿಗೆ ಸಲ್ಲಬೇಕು. ಈ ಸೀಮೆಯ ಗಡಸು ನೀರಿನಲ್ಲಿ ಉಳಿದ ಮೂರೂ ಫಲ ಕೊಡುವುದು ಅದಾದ ಮೇಲೆಯೇ.